ಎರಡು ಕಡೆಯಿಂದ ಖಚಿತ

ಭಾನುವಾರ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಸೂರ್ಯನಾರಾಯಣ ಸುದ್ದಿಯನ್ನು ಕಳುಹಿಸಿದ. ಠಾಣೆಯ ನೌಪಾಡಾದಲ್ಲಿರುವ ತಾರಾನಾಥರ ಹೋಟೆಲು ನಾಳೆಯಿಂದ ಮುಚ್ಚುತ್ತದೆ, ಇಂದು ಕೊನೆಯ ದಿನ, ತುರ್ಭೆ ಮತ್ತು ವಾಶಿ ಘಟಕಗಳು ಖಚಿತಪಡಿಸಿವೆ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬೈಗಳಲ್ಲಿ ಕನ್ನಡ ಮಾಹಿತಿ ಜಾಲಕ್ಕೆ ಸೇರಿದ ಅಷ್ಟೂ ಮನೆಗಳ ಫೋನಿಗೆ ಅದು ಒಂದೇ ಸಲಕ್ಕೆ ಹೋಯಿತು. ಅವನು ಪಾಂಚ್‌ಪಾಖಾಡಿಯ ತನ್ನ ಅಡುಗೆಮನೆಯಲ್ಲಿ ನಿಂತು, ಹಾಲು ಪಾತ್ರೆಯ ಅಂಚಿಗೆ ಏರುತ್ತಿರುವುದನ್ನು ನೋಡುತ್ತಿದ್ದರೂ ಗ್ಯಾಸ್ ಆರಿಸುವುದು ತನ್ನ ಕೆಲಸವೆಂದು ಅವನಿಗೆ ಹೊಳೆಯಲಿಲ್ಲ. ವಾಕ್ಯ ಸರಿಯಾಗಿತ್ತು. ಯಾರು, ಎಲ್ಲಿ, ಯಾವಾಗ, ಎಲ್ಲ ಇತ್ತು. ವಿಶೇಷಣ ಒಂದೂ ಇರಲಿಲ್ಲ. ಆದರೂ ಎದೆಯ ಎಡಭಾಗದಲ್ಲಿ, ಅಂಗಿಯ ಜೇಬಿನ ಹಿಂದೆ, ಯಾರೋ ಒಂದು ತಣ್ಣನೆಯ ಚಮಚ ಇಟ್ಟಂತೆ ಅನಿಸುತ್ತಿತ್ತು. ಮೊದಲ ಉತ್ತರ ಡೊಂಬಿವಲಿಯಿಂದ ಬಂತು: 'ಓಂ ಶಾಂತಿ'. ಅದರ ಹಿಂದೆಯೇ ಇನ್ನೂ ನಾಲ್ಕು ಓಂ ಶಾಂತಿ. ಜನಕ್ಕೆ ಓದುವ ಮೊದಲೇ ಬೆರಳು ಓಡುತ್ತದೆ. 'ಇದು ನಿಧನ ವಾರ್ತೆ ಅಲ್ಲ, ಹೋಟೆಲಿನ ವಾರ್ತೆ. — ಸಂಚಾಲಕ' ಎಂದು ಅವನು ಬರೆಯುತ್ತಿರುವಾಗ ಹಾಲು ಉಕ್ಕಿತು.

"ಪಪ್ಪಾ, ದೂಧ್!" ಎಂದು ಮಗಳು ಇಂಚರ ಓಡಿಬಂದಳು. ಇಲ್ಲೇ ಹುಟ್ಟಿ ಬೆಳೆದವಳು. ಅವನು ಕನ್ನಡದಲ್ಲಿ ಹೇಳಿದ್ದೆಲ್ಲ ಅವಳಿಗೆ ತಿಳಿಯುತ್ತದೆ, ಅವಳು ಹಿಂದಿಯಲ್ಲಿ ಹೇಳಿದ್ದೆಲ್ಲ ಅವನಿಗೆ ತಿಳಿಯುತ್ತದೆ, ಹೀಗೆ ಇಬ್ಬರ ಸಂಸಾರ ನಡೆದಿದೆ. ಒಲೆ ಒರೆಸುತ್ತ ಅವಳು ಫೋನು ನೋಡಿದಳು. "ತಾರಾನಾಥ್ ಅಂಕಲ್ ಬಂದ್ ಕರ್ ರಹೇ ಹೈಂ? ಕಿಸ್ನೆ ಬೋಲಾ?" ವಾಶಿಯ ಪ್ರಭಾ ಹೇಳಿದರು, ತುರ್ಭೆಯ ಮಾಪಣ್ಣನೂ ಹೇಳಿದ, ಎರಡು ಘಟಕ ಆಯಿತಲ್ಲ ಎಂದು ಅವನು ನಿಯಮ ವಿವರಿಸಿದ. "ವೋ ಠೀಕ್ ಹೈ. ಪರ್ ಸಬ್ಸೆ ಪೆಹೆಲೆ ಕಿಸ್ನೆ ಬೋಲಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ, ಬಟ್ಟೆ ಹಿಂಡಲು ಸಿಂಕಿನ ಕಡೆ ತಿರುಗಿದಳು. ಅವಳಿಗೆ ಉತ್ತರ ಬೇಕಿರಲಿಲ್ಲ. ಸೂರ್ಯನಾರಾಯಣನಿಗೆ ಮಾತ್ರ, ಮೊಟ್ಟಮೊದಲು ಹೇಳಿದ್ದು ಯಾರು ಎಂಬ ಆ ಪ್ರಶ್ನೆ ಹಲ್ಲಿನ ಸಂದಿಯಲ್ಲಿ ಸಿಕ್ಕಿದ ಕೊತ್ತಂಬರಿ ಎಲೆಯ ಹಾಗೆ ಅಲ್ಲೇ ಕೂತಿತು. ಚಪ್ಪಲಿ ಹಾಕಿಕೊಂಡು ಹೊರಟ.

ದಾರಿಯಲ್ಲಿ ಅವನು ಸುದ್ದಿಯ ಜಾಡು ಹಿಡಿದು ಹಿಂದಕ್ಕೆ ಹೋಗಿ ನೋಡಿದ. ಪ್ರಭಾ ನಿನ್ನೆ ಸಂಜೆ ಫೋನು ಮಾಡಿ, "ಹೋಟೆಲು ಭಾನುವಾರ ಮುಚ್ಚುವುದಂತೆ ಮಾರಾಯ್ರೆ, ಕಲ್ಯಾಣದ ಅಂಬಾರಾಯರು ಹೇಳಿದ್ರು, ನಿಮಗೆ ಗೊತ್ತುಂಟಾ?" ಎಂದಿದ್ದಳು. ಅದು ಒಂದು. ಆಮೇಲೆ ಅವನೇ ಮಾಪಣ್ಣನಿಗೆ ಫೋನು ಮಾಡಿದ್ದ. "ಹೌದ್ರೀ ಸರ್, ಖರೇನ ಅದ. ನಾ ಹೇಳಿದ್ದಕ್ಕ ಅಂಬಾರಾಯಣ್ಣನೂ ಹೂಂ ಅಂದಾನ್ರೀ," ಎಂದಿದ್ದ ಮಾಪಣ್ಣ. ಅದು ಎರಡು. ಅಂಬಾರಾಯನಿಗೆ ಯಾರು ಹೇಳಿದರು? ಅಲ್ಲಿಗೆ ಬಂದಾಗ ಸೂರ್ಯನಾರಾಯಣನ ಕಾಲು ನಿಧಾನವಾಯಿತು. ರಸ್ತೆಯ ಬದಿಯಲ್ಲಿ ಒಬ್ಬಾಕೆ ಚೆಂಡುಹೂವು ಪೋಣಿಸುತ್ತಿದ್ದಳು; ಅವಳ ಸೂಜಿ ಹೂವಿನ ಒಳಗೆ ಹೋಗಿ ಹೊರಬರುವುದನ್ನು ಅವನು ತುಂಬ ಹೊತ್ತು ನೋಡಿದ. ಅಂಬಾರಾಯನಿಗೆ ಹೇಳಿದವನು ಮಾಪಣ್ಣ. ಮಾಪಣ್ಣನಿಗೆ ಶುಕ್ರವಾರ ಮಧ್ಯಾಹ್ನ ಫೋನು ಮಾಡಿ, "ಏನಪ್ಪಾ, ತಾರಾನಾಥರು ಹೋಟೆಲ್ ಮುಚ್ತಾರಂತಾ? ಏನಾದ್ರೂ ಕೇಳಿದ್ಯಾ?" ಎಂದವನು ತಾನು. ಠಾಣೆಯಿಂದ ಪ್ರಶ್ನೆಯಾಗಿ ಹೊರಟದ್ದು ತುರ್ಭೆಯಲ್ಲಿ ಅನುಮಾನವಾಗಿ, ಕಲ್ಯಾಣದಲ್ಲಿ ತಾರೀಕು ಹಚ್ಚಿಕೊಂಡು ಸುದ್ದಿಯಾಗಿ, ವಾಶಿಯನ್ನು ಸುತ್ತಿ, ರಿಟರ್ನ್ ಟಿಕೆಟ್ ಇದ್ದ ಹಾಗೆ ಅವನ ಕಿವಿಗೇ ಬಂದಿಳಿದಿತ್ತು.

ಜಾಲದ ಯೋಜನೆಯಲ್ಲಿ ಇದೊಂದು ಅವನಿಗೆ ಹೊಳೆದಿರಲಿಲ್ಲ. ಉಳಿದದ್ದೆಲ್ಲ ಹೊಳೆದಿತ್ತು. ವಿಮಾ ಕಂಪನಿಯಿಂದ ನಿವೃತ್ತನಾದ ವರ್ಷ ತಾರಾನಾಥರ ಹೋಟೆಲಿನ ನಾಲ್ಕನೇ ಟೇಬಲಿನಲ್ಲಿ, ಫ್ಯಾನಿನ ಕೆಳಗೆ, ಸಾಂಬಾರಿನ ಬಟ್ಟಲನ್ನು ಕಲ್ಯಾಣವೆಂದೂ ಚಟ್ನಿಯ ಬಟ್ಟಲನ್ನು ವಾಶಿಯೆಂದೂ ಇಟ್ಟುಕೊಂಡು ಅವನು ಅದನ್ನು ಯೋಜಿಸಿದ್ದ. ಕನ್ನಡ ಬಲ್ಲ ಡಾಕ್ಟರು ಎಲ್ಲಿ ಸಿಗುತ್ತಾರೆ, ಯಾರಿಗೆ ರಕ್ತ ಬೇಕು, ಯಾವ ಭಾನುವಾರ ಹಳಿ ದುರಸ್ತಿಗೆಂದು ರೈಲಿಗೆ ಮೆಗಾಬ್ಲಾಕ್, ಯಾರು ತೀರಿಕೊಂಡರು, ಎಲ್ಲಿ ಬಾಡಿಗೆಗೆ ಮನೆಯಿದೆ. ಗುಡ್ ಮಾರ್ನಿಂಗ್ ಗುಲಾಬಿಗಳು ನಿಷಿದ್ಧ. ಎರಡು ಘಟಕ ಖಚಿತಪಡಿಸದೆ ಸುದ್ದಿಯಿಲ್ಲ. ಡೊಂಬಿವಲಿಯ ಒಬ್ಬರು 'ನಾನು ಮನೆ ಮಾರುತ್ತಿಲ್ಲ' ಎಂದು ಸ್ವತಃ ಹೇಳಿ, ಮರುವಾರವೇ ಮಾರಿ ಹೋದ ಮೇಲೆ ಇನ್ನೊಂದು ನಿಯಮ ಸೇರಿತು: ಸಂಬಂಧಪಟ್ಟ ವ್ಯಕ್ತಿಯ ಹೇಳಿಕೆಯನ್ನು ಖಚಿತ ಮೂಲವೆಂದು ಎಣಿಸುವಂತಿಲ್ಲ. ಇದುವರೆಗೆ ಜಾಲ ಒಂದೇ ಒಂದು ತಿದ್ದುಪಡಿ ಹಾಕಿದ್ದಿಲ್ಲ. ಆ ಮಾತನ್ನು ಹೇಳುವಾಗ ಸೂರ್ಯನಾರಾಯಣ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದ. ಪ್ರತಿ ಬೆಳಿಗ್ಗೆ ಒಂದು ಕಾಫಿ ಹೇಳಿ ಅವನು ಆ ಟೇಬಲಿನಲ್ಲಿ ಕೂತರೆ ಮಧ್ಯಾಹ್ನದವರೆಗೆ ಜಾಲದ ಕಚೇರಿ ಅದೇ. ಘಟಕದವರು ಅಲ್ಲಿಗೇ ಬರುತ್ತಿದ್ದರು. 'ಸಂಚಾಲಕರು ಎಲ್ಲಿ?' ಎಂದರೆ ಮಾಣಿಗಳು ಗಲ್ಲ ಎತ್ತಿ ತೋರಿಸುತ್ತಿದ್ದರು. ಮನೆಯಲ್ಲಿ ಅವನು ಹಾಲು ಉಕ್ಕಿಸುವವನು. ಅಲ್ಲಿ ಮಾತ್ರ ಸಂಚಾಲಕ.

ಶುಕ್ರವಾರ ನಡೆದದ್ದು ಇಷ್ಟೇ. ಹನ್ನೊಂದರ ಹೊತ್ತಿಗೆ ನಾಲ್ವರ ಒಂದು ಕುಟುಂಬ ಬಾಗಿಲಲ್ಲಿ ನಿಂತಿತ್ತು. ತಾರಾನಾಥ ಗಲ್ಲಾದಿಂದ ಎದ್ದು ಬಂದು, ಅವನ ಭುಜಕ್ಕೆ ಬಾಗಿ, "ಸ್ವಲ್ಪ ಆ ಕಡೆ ಕೂತ್ಕೊಳ್ತೀರಾ ಮಾರಾಯ್ರೆ?" ಎಂದ. ಆ ಕಡೆ ಎಂದರೆ ಕೈತೊಳೆಯುವ ಜಾಗದ ಪಕ್ಕದ ಒಂಟಿ ಕುರ್ಚಿ. ಸೂರ್ಯನಾರಾಯಣ ನಗುತ್ತಲೇ ಎದ್ದ. ತಣ್ಣಗಾದ ಲೋಟ ಹಿಡಿದು ಹೋಗುವಾಗ ಆ ಕುಟುಂಬದ ಸಣ್ಣ ಹುಡುಗಿ ಅವನು ಕೂತಿದ್ದ ಕುರ್ಚಿಯನ್ನು ಕರ್ಚೀಫಿನಿಂದ ಒರೆಸಿದಳು. ಒಂಟಿ ಕುರ್ಚಿಯಲ್ಲಿ ಕೂತರೆ, ಬಾಯಿ ಮುಕ್ಕಳಿಸುವವರೆಲ್ಲ ಅವನನ್ನೇ ನೋಡುತ್ತ ಮುಕ್ಕಳಿಸಿದರು. ಅಲ್ಲಿಂದ ಕಾಣುತ್ತಿದ್ದ ಹಿಂಬಾಗಿಲಲ್ಲಿ ಇಬ್ಬರು ದೊಡ್ಡ ಗ್ರೈಂಡರನ್ನು ಟೆಂಪೋಗೆ ಏರಿಸುತ್ತಿದ್ದರು. ಗ್ರೈಂಡರು ಹೊರಗೆ ಹೋಗುವುದನ್ನು ನೋಡಿ ತನಗೆ ಗಾಬರಿಯಾಯಿತೇ, ಸಂತೋಷವಾಯಿತೇ? ಗಾಬರಿ ಎಂದೇ ಇದುವರೆಗೆ ಅಂದುಕೊಂಡಿದ್ದ. ಈಗ ಹೂವಿನವಳ ಎದುರು ನಿಂತಾಗ, ಮಾಪಣ್ಣನ ನಂಬರು ಒತ್ತುವ ಮೊದಲು ತನ್ನೊಳಗೆ ಒಂದು ಸಣ್ಣ ದನಿ, ಮುಚ್ಚಲಿ ಬಿಡು, ಎಂದದ್ದು ಸ್ಪಷ್ಟವಾಗಿ ನೆನಪಾಯಿತು. ಅಥವಾ ಈಗ ಹುಟ್ಟಿಸಿಕೊಂಡ ನೆನಪೋ. ಅದನ್ನು ಖಚಿತಪಡಿಸಲು ಎರಡನೇ ಘಟಕವಿರಲಿಲ್ಲ. "ಹಾರ್ ಪಾಹಿಜೆ ಕಾ ಕಾಕಾ?" ಎಂದು ಹೂವಿನವಳು ಕೇಳಿದಳು. ಇಷ್ಟು ಹೊತ್ತು ನಿಂತದ್ದಕ್ಕೆ ನಾಚಿಕೆಯಾಗಿ ಅವನು ಒಂದು ಹಾರ ಕೊಂಡ.

ಹೋಟೆಲಿನ ಮುಂದೆ ಜನ ಫುಟ್‌ಪಾತಿನವರೆಗೆ ನಿಂತಿದ್ದರು. ಮೆಗಾಬ್ಲಾಕ್ ಇದೆಯೆಂದು ನಿನ್ನೆ ಜಾಲದಲ್ಲಿ ಅವನೇ ಹಾಕಿದ್ದ. ಆದರೂ ಕಲ್ಯಾಣದವರು ಸ್ಲೋ ಗಾಡಿಯಲ್ಲಿ ನೇತಾಡಿಕೊಂಡು ಬಂದಿದ್ದರು. ಮಾಪಣ್ಣ ತುರ್ಭೆಯಿಂದ ತನ್ನ ಹಮಾಲರ ಗುಂಪನ್ನೇ ಕರೆತಂದಿದ್ದ. ವಾರಕ್ಕೊಂದು ರಜೆ, ಅದನ್ನೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಇಡ್ಲಿಗೆ ಮೀಸಲಿಟ್ಟಿದ್ದರು. ಜಾಲ ಕೆಲಸ ಮಾಡುತ್ತದೆ ಎಂಬ ಹೆಮ್ಮೆ ಸೂರ್ಯನಾರಾಯಣನಿಗೆ ತಡೆಯುವ ಮೊದಲೇ ಬಂದುಬಿಟ್ಟಿತು, ಅದರ ಬೆನ್ನಿಗೇ ಅವನು ಫೋನು ತೆಗೆದ. ತಿದ್ದುಪಡಿಯನ್ನು ಅಲ್ಲೇ ನಿಂತು ಬರೆದ: 'ಬೆಳಗಿನ ಸುದ್ದಿ ತಪ್ಪು. ಹೋಟೆಲು ಮುಚ್ಚುತ್ತಿಲ್ಲ.' ಕಳುಹಿಸುವ ಗುಂಡಿಯ ಮೇಲೆ ಬೆರಳಿಟ್ಟಾಗ ಒಂದು ಸಂಶಯ ಬಂತು. ಮುಚ್ಚುತ್ತಿಲ್ಲ ಎಂದಾದರೂ ಯಾರು ಖಚಿತಪಡಿಸಿದ್ದಾರೆ? ಫೋನನ್ನು ಜೇಬಿಗೆ ಹಾಕಿ, ಹಾರವನ್ನು ಬೆನ್ನ ಹಿಂದೆ ಹಿಡಿದು, ಒಳಗೆ ನುಗ್ಗಿದ.

ಒಳಗೆ ತಾರಾನಾಥ ಗಲ್ಲಾ ಬಿಟ್ಟು, ಲುಂಗಿ ಎತ್ತಿ ಕಟ್ಟಿ, ಅಡುಗೆಮನೆಗೂ ಹೊರಗೂ ಓಡುತ್ತಿದ್ದ. "ಎಂಚಿನ ಉಂದು?" ಎಂದು ಅಡುಗೆಯ ಭಟ್ಟರಿಗೆ ತುಳುವಿನಲ್ಲಿ ಕೂಗಿ, ಜನರ ಕಡೆ ತಿರುಗಿ, "ಎಂತ ಇವತ್ತು ನಿಮಗೆಲ್ಲ? ಮದುವೆ ಉಂಟಾ ಎಲ್ಲಾದ್ರೂ?" ಎಂದ. ಯಾರೂ ನಗಲಿಲ್ಲ. ಎಲ್ಲರೂ ಅವನನ್ನು ಮೆಲ್ಲನೆ, ಅನುಕಂಪದಿಂದ ನೋಡಿದರು. ಹತ್ತು ಗಂಟೆಗೆಲ್ಲ ಹಿಟ್ಟು ಮುಗಿಯಿತು. ಗ್ರೈಂಡರು ಕಲ್ಲು ಕೊಚ್ಚಿಸಲು ಭಿವಂಡಿಗೆ ಹೋಗಿದೆ, ಇದ್ದಷ್ಟೇ ಹಿಟ್ಟು ಎಂದು ತಾರಾನಾಥ ಸಾರಿದ. "ಹಿಟ್ಟೇ ಇಲ್ಲ ಅಂದಮ್ಯಾಗ ಖರೇನ ಮುಚ್ಚತಾರ ತಗೋರಿ," ಎಂದು ಮಾಪಣ್ಣ ತನ್ನವರಿಗೆ ಹೇಳಿದ. ಅವರಲ್ಲೊಬ್ಬ ಕಣ್ಣು ಒರೆಸಿಕೊಂಡ.

"ಯಾರು ಮುಚ್ಚುವುದು?" ಎಂದ ತಾರಾನಾಥ.

"ನೀವು," ಎಂದಳು ಪ್ರಭಾ. ವಾಶಿಯ ಒಂದು ಆಫೀಸಿನಲ್ಲಿ ಅಕೌಂಟ್ಸ್ ನೋಡುವವಳು, ಮಾತಿನಲ್ಲಿ ತಾಳೆ ಬೀಳದಿದ್ದರೆ ಬಿಡುವವಳಲ್ಲ.

"ನಾನಾ? ನಾನು ಮುಚ್ಚುವುದಿಲ್ಲ ಮಾರಾಯ್ತಿ!"

"ಜಾಲದಲ್ಲಿ ಬಂದಿದೆಯಲ್ಲ. ಎರಡು ಘಟಕ ಖಚಿತ ಮಾಡಿದ್ದೇವೆ."

"ಹೋಟೆಲು ನನ್ನದು. ನಾನು ಹೇಳ್ತಾ ಇದ್ದೇನೆ, ಇಲ್ಲ ಅಂತ."

"ನೀವು ಸಂಬಂಧಪಟ್ಟವರು," ಎಂದಳು ಪ್ರಭಾ ಸಮಾಧಾನದಿಂದ. "ನಿಮ್ಮದು ಲೆಕ್ಕಕ್ಕಿಲ್ಲ. ನಿಯಮ ಉಂಟು. ಬೇಕಿದ್ರೆ ಸಂಚಾಲಕರನ್ನೇ ಕೇಳಿ."

ಎಲ್ಲರೂ ಸೂರ್ಯನಾರಾಯಣನ ಕಡೆ ತಿರುಗಿದರು. ಅವನು ಬಾಯಿ ತೆರೆದ. ಈಗ ಹೇಳಬೇಕು: ಮೂಲ ನಾನೇ. ಎರಡೇ ಪದ, ಯಾವ ಪತ್ರಿಕೆಯ ಮೂಲೆಯಲ್ಲಾದರೂ ಹಿಡಿಯುವಷ್ಟು. ಹೇಳಿದರೆ ಏನಾಗುತ್ತದೆ ಎಂಬುದು ಇಡೀ ಚಿತ್ರವಾಗಿ ಕಣ್ಣೆದುರು ಬಂತು. ಪ್ರಭಾ ಹುಬ್ಬು ಏರಿಸುತ್ತಾಳೆ. ಮಾಪಣ್ಣ ಒಂದು ದಿನದ ರಜೆ ಹೋಯಿತಲ್ಲ ಎಂದು ಹೇಳದೆ ಸುಮ್ಮನಿರುತ್ತಾನೆ, ಅದು ಇನ್ನೂ ಕೆಟ್ಟದ್ದು. ನಾಳೆಯಿಂದ ನಾಲ್ಕನೇ ಟೇಬಲಿನಲ್ಲಿ ಬೇರೆ ಯಾರೋ ಫ್ಯಾನಿನ ಕೆಳಗೆ ಕೂರುತ್ತಾರೆ, ಮಾಣಿಗಳು ಗಲ್ಲ ಎತ್ತುವುದಿಲ್ಲ. ಹೇಳದಿದ್ದರೆ? ಆಗಲೂ ಅಷ್ಟೇ, ಸುಳ್ಳು ನಾಳೆ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ತಾನಾಗಿ ಹೊರಬೀಳುತ್ತದೆ. ಅವನ ಗಂಟಲಿನಿಂದ "ನಿಯಮ... ಇರೋದು ಹೌದು" ಎಂಬ ಮಾತು ಹೊರಟಿತು. ಅದು ನಿಜವೇ ಆಗಿತ್ತು. ಅಷ್ಟರಲ್ಲಿ ಪ್ರಭಾ ಅವನ ಬೆನ್ನ ಹಿಂದಿನ ಹಾರವನ್ನು ಕಂಡಳು. "ನೋಡಿ, ಸಂಚಾಲಕರು ಹಾರ ಕೂಡ ತಂದಿದ್ದಾರೆ!" ಎಂದಳು. ಚಪ್ಪಾಳೆ ಬಿತ್ತು.

ಆಗಲೇ ಅಂಬಾರಾಯ ಬಂದದ್ದು. ಕಲ್ಯಾಣದ ಕನ್ನಡ ಸಂಘದ ಅಧ್ಯಕ್ಷ; ಕಪಾಟಿನಲ್ಲಿ ಮೈಸೂರು ಪೇಟಗಳನ್ನೂ ಶಾಲುಗಳನ್ನೂ ಸದಾ ಸಿದ್ಧವಾಗಿಟ್ಟಿರುವವನು. ಯಾರಾದರೂ ನಿವೃತ್ತರಾದರೆ, ಮನೆ ಕೊಂಡರೆ, ಆಪರೇಷನ್ ಆಗಿ ಬದುಕಿ ಬಂದರೆ, ಅವನು ಚೀಲ ಹಿಡಿದು ಹೊರಡುತ್ತಾನೆ. ಕಲ್ಯಾಣದಲ್ಲಿ ಸನ್ಮಾನವಾಗದ ಕನ್ನಡಿಗರು ಮುಗಿದುಹೋಗಿ, ಈಚೆಗೆ ಅವನು ಮಂಕಾಗಿದ್ದ. ಹೋಟೆಲು ಮುಚ್ಚುವ ದಿನ ಭಾನುವಾರವೆಂದು ಗೊತ್ತುಮಾಡಿದವನೂ ಅವನೇ ಇರಬೇಕು. ಸನ್ಮಾನಕ್ಕೆ ಅದೇ ಅನುಕೂಲದ ವಾರ. "ಹಿರಿಯರ, ನಡೀರಿ," ಎಂದು ತಾರಾನಾಥನ ರಟ್ಟೆ ಹಿಡಿದು ನಾಲ್ಕನೇ ಟೇಬಲಿಗೆ ಕರೆದೊಯ್ದು ಕೂರಿಸಿದ. ಪೇಟ ಒಂದು ಅಳತೆ ದೊಡ್ಡದಾಗಿ ಹುಬ್ಬಿನವರೆಗೆ ಇಳಿಯಿತು. ಶಾಲು ಹೊದಿಸಿದರು. ಸೂರ್ಯನಾರಾಯಣನ ಕೈಯಲ್ಲಿದ್ದ ಹಾರವನ್ನು ಅವನ ಕೈಯಿಂದಲೇ ಹಾಕಿಸಿದರು, ಫೋಟೋ ಸರಿ ಬರಲಿಲ್ಲವೆಂದು ತೆಗೆಸಿ ಇನ್ನೊಮ್ಮೆ ಹಾಕಿಸಿದರು. ಎರಡನೇ ಸಲ ಹಾಕುವಾಗ ಹಾರದ ಒಳಗಿನಿಂದ ತಾರಾನಾಥ ಅವನನ್ನು ನೇರವಾಗಿ ನೋಡಿದ. ಸೂರ್ಯನಾರಾಯಣ ಫ್ಯಾನಿನ ರೆಕ್ಕೆ ಎಣಿಸುವವನಂತೆ ಮೇಲೆ ನೋಡಿದ.

"ತಾರಾನಾಥರು ನಮಗೆ ಬರೀ ಇಡ್ಲಿ ಕೊಟ್ಟಿಲ್ಲ," ಎಂದು ಅಂಬಾರಾಯ ಭಾಷಣದ ಕನ್ನಡಕ್ಕೆ ಏರಿದ. "ಇಡ್ಲಿಯ ಮುಖಾಂತರ ಕರಾವಳಿಯನ್ನೂ ಬಯಲುಸೀಮೆಯನ್ನೂ ಒಂದುಗೂಡಿಸಿದರು. ಸಾಂಬಾರಿನಲ್ಲಿ ಅಖಂಡ ಕರ್ನಾಟಕವನ್ನು ಕಂಡವರು ನಾವು." ಹಿಂದಿನಿಂದ ಯಾರೋ, "ಬೆಲ್ಲ ಜಾಸ್ತಿ ಇರ್ತಿತ್ತು," ಎಂದರು. "ಅದೂ ಅವರ ಪ್ರೀತಿಯೇ," ಎಂದು ಅಂಬಾರಾಯ ತಡವರಿಸದೆ ಮುಂದುವರಿದ. ಪ್ರಭಾ ಮಾತಾಡಿದಳು. ಊರಿನಿಂದ ಕೆಲಸ ಹುಡುಕಿಕೊಂಡು ಬಂದ ಮೊದಲ ದಿನ ಇಲ್ಲಿ ಬನ್ಸ್ ತಿಂದು ಅತ್ತದ್ದನ್ನು ಹೇಳುತ್ತ ನಿಜವಾಗಿ ಅತ್ತಳು. ಮಾಪಣ್ಣನಿಗೆ ಭಾಷಣ ಬರುವುದಿಲ್ಲ. ಅವನು ಒಳಗೆ ಹೋಗಿ, ಭಟ್ಟರು ತಮಗೆಂದು ತೆಗೆದಿಟ್ಟುಕೊಂಡಿದ್ದ ಎರಡು ಇಡ್ಲಿಯನ್ನು ತಟ್ಟೆಗೆ ಹಾಕಿಸಿ ತಂದು ತಾರಾನಾಥನ ಮುಂದೆ ಇಟ್ಟ. "ತಿನ್ರೀ ಅಣ್ಣಾರ. ಇಷ್ಟ್ ದಿನ ನಮಗ ಹಾಕೀರಿ. ಇವತ್ತ ನಾವ್ ಹಾಕ್ತೀವಿ." ಭಟ್ಟರು ಬಾಗಿಲಲ್ಲಿ ನಿಂತು ತಮ್ಮ ಇಡ್ಲಿಯನ್ನು ನೋಡುತ್ತಿದ್ದರು.

ತಾರಾನಾಥ ತಿಂದ. ಪೇಟವನ್ನು ಒಂದು ಕೈಯಲ್ಲಿ ಮೇಲೆತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಚಟ್ನಿ ಬೆರೆಸಿ, ಯಾವ ಅವಸರವೂ ಇಲ್ಲದೆ ತಿಂದ. ಹಮಾಲರು ಸರದಿಯಲ್ಲಿ ಬಂದು ನೀರು ಹಾಕಿದರು. ಯಾರೋ ಕಾಫಿ ತಂದರು. ಅವನು ಅದನ್ನು ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ದು ಕುಡಿದ. ಮೇಲೆ ಫ್ಯಾನು ತಿರುಗುತ್ತಿತ್ತು. ಆ ಟೇಬಲಿನಲ್ಲಿ ಗಾಳಿ ಹೇಗೆ ಬರುತ್ತದೆಂದು ಸೂರ್ಯನಾರಾಯಣನಿಗೆ ಗೊತ್ತು: ಮೊದಲು ಕತ್ತಿನ ಹಿಂಭಾಗಕ್ಕೆ, ಆಮೇಲೆ ಕಿವಿಗೆ. ತಾರಾನಾಥನ ಮುಖದಲ್ಲಿ ಅದು ಬಂದು ತಾಗಿದ್ದು ಕಾಣಿಸಿತು. ಹೊಟ್ಟೆಕಿಚ್ಚೆಂದೂ ಹೇಳಲಾಗದ, ಅಪರಾಧವೆಂದೂ ಹೇಳಲಾಗದ ಒಂದು ಸಂಕಟದಲ್ಲಿ ಸೂರ್ಯನಾರಾಯಣ ಅವನ ಪಕ್ಕಕ್ಕೆ ಬಾಗಿದ. ಶುಕ್ರವಾರ ತಾರಾನಾಥ ಬಾಗಿದಷ್ಟೇ ಬಾಗಿದ.

"ತಾರಾನಾಥರೇ, ತಪ್ಪಾಗೋಯ್ತು. ಮಾಪಣ್ಣನಿಗೆ ಮೊದಲು ಕೇಳಿದೋನು ನಾನೇ. ಅದೇ ಸುತ್ತು ಹಾಕ್ಕೊಂಡು ನನಗೇ ವಾಪಸ್ ಬಂತು. ತಿದ್ದುಪಡಿ ಬರೆದಿಟ್ಟಿದ್ದೀನಿ, ಈಗಲೇ ಹಾಕ್ಬಿಡ್ತೀನಿ."

ತಾರಾನಾಥ ಬಟ್ಟಲು ಕೆಳಗಿಟ್ಟ. "ಮೊನ್ನೆ ನಿಮ್ಮನ್ನು ಎಬ್ಬಿಸಿದ್ದಕ್ಕಾ?"

"ಛೆ ಛೆ. ಅದಕ್ಕೆಲ್ಲ ಅಲ್ಲ." ಟೇಬಲಿನ ಮೇಲೆ ಉದುರಿದ ಹೂವಿನ ಎಸಳನ್ನು ಬೆರಳಿಂದ ಸರಿಸಿ, "ಗೊತ್ತಿಲ್ಲ," ಎಂದ.

"ನೀವು ಒಂದು ಕಾಫಿಗೆ ಅರ್ಧ ದಿನ ಕೂರ್ತೀರಲ್ಲ, ನಾನು ಗಲ್ಲಾದಿಂದ ನೋಡ್ತಿದ್ದೆ. ಇವರಿಗೆ ಅಲ್ಲಿ ಎಂತ ಸಿಗ್ತದೆ ಅಂತ." ತಾರಾನಾಥ ಕುರ್ಚಿಗೆ ಒರಗಿ ಮೇಲೆ ನೋಡಿದ. "ಇಷ್ಟು ವರ್ಷದಲ್ಲಿ ನನ್ನ ಹೋಟೆಲಲ್ಲಿ ನಾನು ಕೂತು ತಿಂದದ್ದು ಇವತ್ತೇ. ಒಳ್ಳೆದುಂಟು ಮಾರಾಯ್ರೆ, ಇದು."

"ತಿದ್ದುಪಡಿ ಹಾಕ್ಲಾ?"

"ಎಂತ ತಿದ್ದುಪಡಿ? ಪೇಟ ಹಾಕಿಸಿಕೊಂಡಾಯ್ತು, ಹೊಗಳಿಸಿಕೊಂಡಾಯ್ತು, ಆ ಹುಡುಗಿ ಅತ್ತದ್ದೂ ಆಯ್ತು. ನಾಳೆ ಬಾಗಿಲು ತೆಗೆದು ಇಡ್ಲಿ ಮಾರಿದ್ರೆ ಮರ್ಯಾದೆ ಉಂಟಾ ನನಗೆ? ಶಾಲು ವಾಪಸ್ ಕೊಡ್ಬೇಕಾಗ್ತದೆ."

"ಶಾಲಿನ ವಿಷಯ ನಾನು ಮಾತಾಡ್ತೀನಿ ಅಂಬಾರಾಯರ ಹತ್ರ," ಎಂದ ಸೂರ್ಯನಾರಾಯಣ. ತನ್ನ ದನಿ ಬೇಡುತ್ತಿರುವುದು ಅವನಿಗೇ ಕೇಳಿಸಿತು. "ಜನ ಮರೀತಾರೆ. ಒಂದು ವಾರ. ನೀವು ಮುಚ್ಚಬಾರದು. ನಾನು... ಜಾಲ ಎಲ್ಲಿ ಕೂರಬೇಕು?"

"ಆ ಕಡೆ ಸ್ವಲ್ಪ," ಎಂದು ತಾರಾನಾಥ ನಕ್ಕ. ನಗು ಕೆಟ್ಟದಾಗಿರಲಿಲ್ಲ, ಅದಕ್ಕೇ ಸೂರ್ಯನಾರಾಯಣನಿಗೆ ಹೆಚ್ಚು ಚುಚ್ಚಿತು. ಆಮೇಲೆ ತಾರಾನಾಥ ಎದ್ದು ನಿಂತು, ಎರಡು ಕೈಯಲ್ಲೂ ಪೇಟ ಹಿಡಿದುಕೊಂಡು, ಅಭಿನಂದನೆಗೆ ಉತ್ತರ ಹೇಳಿದ. ಭಟ್ಟರಿಗೂ ಹುಡುಗರಿಗೂ ವಾಶಿಯಲ್ಲಿ ತನ್ನ ಭಾವನ ಹೋಟೆಲಿನಲ್ಲಿ ಕೆಲಸ ಉಂಟು, ಅವನು ಜನ ಸಿಗದೆ ಒದ್ದಾಡುತ್ತಿದ್ದಾನೆ. ತನ್ನ ಮೊಣಕಾಲಿಗೆ ಡಾಕ್ಟರು ಯಾವತ್ತೋ ಹೇಳಿದ್ದು ಉಂಟು. ಮುಚ್ಚುವುದಿಲ್ಲ ಅಂತ ಬೆಳಿಗ್ಗೆ ಹೇಳಿದ್ದು ಸುಳ್ಳಲ್ಲ, ಆಗ ತನಗೇ ಗೊತ್ತಿರಲಿಲ್ಲ. "ಜಾಲದವರಿಗೆ ನನಗಿಂತ ಮೊದಲು ಗೊತ್ತಾಗಿದೆ," ಎಂದ.

"ನಾನು ಹೇಳಲಿಲ್ವಾ?" ಎಂದಳು ಪ್ರಭಾ ಪಕ್ಕದವರಿಗೆ. ಮಾಪಣ್ಣ ಸೂರ್ಯನಾರಾಯಣನ ಕೈ ಹಿಡಿದು ಕುಲುಕಿದ. "ನಿಮ್ಮ ಸುದ್ದಿ ಅಂದ್ರ ಸುದ್ದಿ ನೋಡ್ರೀ ಸರ್. ಕಲ್ಲಿನ ಮ್ಯಾಗ ಬರದಂಗ." ಅಂಬಾರಾಯ ಚೀಲದಲ್ಲಿ ಕೈಯಾಡಿಸಿ, ಇನ್ನೊಂದು ಶಾಲು ಇದೆ, ಜಾಲದ ಸಂಚಾಲಕರಿಗೂ ಒಂದು ಆಗಿಬಿಡಲಿ ಎಂದ. ಸೂರ್ಯನಾರಾಯಣ ಬೇಡ ಬೇಡ ಎಂದ. ಎರಡು ಕಡೆಯಿಂದ ಒತ್ತಾಯ ಬಂದದ್ದರಿಂದ ಹೊದಿಸಿದರು. ಮೇ ತಿಂಗಳ ಠಾಣೆಯ ಸೆಕೆಯಲ್ಲಿ, ಉಣ್ಣೆಯಂಥ ಆ ಬಟ್ಟೆಯ ಕೆಳಗೆ ಬೆವರುತ್ತ ನಿಂತು, ಅವನು ಫೋನು ತೆಗೆದು, ಬರೆದಿಟ್ಟ ತಿದ್ದುಪಡಿಯನ್ನು ಒಂದೊಂದೇ ಅಕ್ಷರವಾಗಿ ಅಳಿಸಿದ. ಅಳಿಸುವುದು ನ್ಯಾಯವೇ ಆಗಿತ್ತು, ಯಾಕೆಂದರೆ ಈಗ ತಪ್ಪಾಗಿದ್ದದ್ದು ತಿದ್ದುಪಡಿ.

ಸೋಮವಾರ ಹೋಟೆಲಿನ ಬಾಗಿಲು ತೆರೆಯಲಿಲ್ಲ. ಎಂಟು ಗಂಟೆಗೆ ಸೂರ್ಯನಾರಾಯಣ ಎದುರಿನ ಟಪರಿ ಅಂಗಡಿಯಲ್ಲಿ ಅರ್ಧ ಲೋಟದ ಒಂದು ಕಟಿಂಗ್ ಚಹಾ ಕುಡಿದ. ಅಲ್ಲಿ ಕೂರಲು ಏನೂ ಇರಲಿಲ್ಲ, ನಿಂತೇ ಕುಡಿದು ಮನೆಗೆ ಹೋದ.